ಫೈಲಿಗೊಂದು ವಿಳಾಸ

ಕೋಲಾರದ ಚಿನ್ನದ ಗಣಿಪ್ರದೇಶವಾದ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಕತ್ತಲಲ್ಲಿ ಹೆಸರಿಲ್ಲದ ಜಾಗವೆಂದರೆ ಅಪಾಯ. ಯಾವ ಗಣಿ, ಯಾವ ಶಾಫ್ಟು, ಎಷ್ಟನೇ ಲೆವೆಲ್ಲು ಎಂದು ಗೊತ್ತಿದ್ದರೆ ಮಾತ್ರ ಬಂಡೆ ಸಿಡಿದ ಕಡೆಗೆ ಜನ ಓಡಬಹುದಿತ್ತು.

1965ರಲ್ಲಿ ಇದೇ ಗಣಿಯ ಹೀತ್‌ಕೋಟ್ ಶಾಫ್ಟಿನ ಬಳಿ, 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಒಸಾಕಾ ಸಿಟಿ, ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು ಪತ್ತೆಹಚ್ಚಿದರು. ಕರ್ನಾಟಕದವರೇ ಆದ ಬಿ.ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು. ಅಪರೂಪಕ್ಕೆ ಸಿಗುತ್ತಿದ್ದ ಒಂದೊಂದು ಘಟನೆಯನ್ನೂ ತಂಡ ಬಿಡಿಬಿಡಿಯಾಗಿ ದಾಖಲಿಸಿಟ್ಟಿತು. ಮುಂದೆ ಅಲ್ಲಿ ಕಂಡ ಕೆಲವು ಘಟನೆಗಳಿಗೆ ವಿವರಣೆಯೇ ಸಿಗಲಿಲ್ಲ. 1975ರಲ್ಲಿ ಪ್ರಕಟವಾದ ಅವು ‘ಕೋಲಾರ ಘಟನೆಗಳು’ ಎಂದೇ ಹೆಸರಾದವು. 2001ರಲ್ಲಿ ಗಣಿ ಮುಚ್ಚಿತು. 2014ರಲ್ಲಿ ಇಬ್ಬರು ಭೌತವಿಜ್ಞಾನಿಗಳು ಅದೇ ಘಟನೆಗಳನ್ನು ಮತ್ತೆ ಕೈಗೆತ್ತಿಕೊಂಡು, ಇವು ಕಪ್ಪುದ್ರವ್ಯದ ಸುಳಿವಿರಬಹುದೇ ಎಂದು ಚರ್ಚಿಸಿದರು. ಹೊಸಬರು ಬಂದು ಕೇಳಿದಾಗ ಹಳೆಯ ದಾಖಲೆ ಮಾತಾಡಿತು.

ಕಚೇರಿಯ ಫೈಲಿಗೂ ಇಂಥದೇ ವಿಳಾಸ, ಇಂಥದೇ ದಾಖಲೆ ಬೇಕು. ಆದರೆ ಗಣಿಯ ಸುತ್ತಮುತ್ತಲ ಊರುಗಳಲ್ಲಿ, ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ, ಯಾವುದಾದರೂ ಕಚೇರಿಯ ಕಂಪ್ಯೂಟರ್ ತೆರೆದು ನೋಡಿ. ‘ನ್ಯೂ ಫೋಲ್ಡರ್’, ಅದರ ಪಕ್ಕ ‘ನ್ಯೂ ಫೋಲ್ಡರ್ 2’, ಒಳಗೆ ‘ಲೆಟರ್’, ‘ಲೆಟರ್ ಫೈನಲ್’, ‘ಲೆಟರ್ ಫೈನಲ್ ಕರೆಕ್ಟೆಡ್’. ಸಾಹೇಬರ ಸಹಿಗೆ ಹೋದ ಪ್ರತಿ ಇವುಗಳಲ್ಲಿ ಯಾವುದು? ಟೈಪ್ ಮಾಡಿದವರಿಗೆ ಗೊತ್ತು. ಅವರಿಗೆ ವರ್ಗಾವಣೆಯಾದ ಮರುದಿನದಿಂದ ಯಾರಿಗೂ ಗೊತ್ತಿಲ್ಲ.

ದಿನಾಂಕವನ್ನೇ ನೋಡಿ. ನಾವು ಬರೆಯುವ ಓರೆಗೆರೆಯನ್ನು ವಿಂಡೋಸ್ ಫೈಲಿನ ಹೆಸರಿನಲ್ಲಿ ಒಪ್ಪುವುದಿಲ್ಲ. ಸರಿ, ಅಡ್ಡಗೆರೆ ಹಾಕಿ 05-03-2024 ಎಂದು ಬರೆಯುತ್ತೇವೆ. ಹೆಸರಿನ ಪ್ರಕಾರ ಜೋಡಿಸಿದಾಗ ಕಂಪ್ಯೂಟರ್ ಎಡಗಡೆಯಿಂದ ಓದುತ್ತಾ ಬರುತ್ತದೆ, ಹಾಗಾಗಿ ಎಲ್ಲ ತಿಂಗಳ, ಎಲ್ಲ ವರ್ಷದ ಐದನೇ ತಾರೀಖುಗಳು ಒಟ್ಟಿಗೆ ಸೇರಿಕೊಳ್ಳುತ್ತವೆ. 2024-03-05 ಎಂದು ವರ್ಷವನ್ನು ಮುಂದಿಟ್ಟರೆ ಪತ್ರಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. 1988ರ ಐಎಸ್‌ಒ 8601 ಮಾನಕ ಹೇಳಿದ್ದೂ ಇದನ್ನೇ. ಖರ್ಚಿಲ್ಲದ ಈ ಸುಧಾರಣೆ ಇನ್ನೂ ಎಲ್ಲ ಕಚೇರಿಗಳನ್ನು ಮುಟ್ಟಿಲ್ಲವೆಂಬುದು ಬೇಸರದ ಸಂಗತಿ.

ಕನ್ನಡದ ಕಚೇರಿಗಳಿಗೆ ಇನ್ನೊಂದು ತೊಡಕಿತ್ತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಪತ್ರದೊಳಗೆ ಕನ್ನಡ ಚೆಂದವಾಗಿಯೇ ಕಾಣುತ್ತಿತ್ತು. ಅದೇ ಕೀಲಿಗಳಲ್ಲಿ ಫೈಲಿಗೆ ಹೆಸರು ಕೊಡಹೋದರೆ ಅರ್ಥವಾಗದ ರೋಮನ್ ಅಕ್ಷರಗಳು ಮೂಡುತ್ತಿದ್ದವು. ಹೀಗಾಗಿ ‘ಜಮೀನು ವಿವಾದ’ವೂ ‘ಲೆಟರ್ 7’ ಆಯಿತು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಮಾನಕದ 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು, ಆದರೆ ಅದು ಕಚೇರಿಯ ಮೇಜಿಗೆ ಬರಲು ಬಹುಕಾಲ ಹಿಡಿಯಿತು. ಇಂದು ಯೂನಿಕೋಡಿನಲ್ಲಿ ‘ಬೇತಮಂಗಲ’ ಎಂದು ಊರಿನ ಹೆಸರು ಹುಡುಕಿದರೆ ಹಳೆಯ ಫಾಂಟಿನ ಪತ್ರ ಸಿಗುವುದಿಲ್ಲ. ಅಂಥ ಪತ್ರಗಳನ್ನು ಪರಿವರ್ತಿಸುವುದು, ಕಡೇಪಕ್ಷ ಹೆಸರನ್ನಾದರೂ ಸರಿಯಾಗಿ ಕನ್ನಡದಲ್ಲಿ ಬರೆದಿಡುವುದು, ತುರ್ತಾಗಿ ಆಗಬೇಕಾದ ಕೆಲಸ.

ಬಂಗಾರಪೇಟೆ ತಾಲ್ಲೂಕಿನಿಂದ ಬೇರ್ಪಟ್ಟ ಕೆಜಿಎಫ್ ಈಗ ಸ್ವತಃ ಒಂದು ತಾಲ್ಲೂಕು. ತಾಲ್ಲೂಕು ಒಡೆದರೆ ಕಡತಗಳೂ ಪಾಲಾಗಬೇಕು. ರೆಕಾರ್ಡ್ ರೂಮಿನಲ್ಲಿ ಕಾಗದದ ಕಡತಗಳಿಗೊಂದು ಶಿಸ್ತಿದೆ: ಕಡತಕ್ಕೆ ಸಂಖ್ಯೆ, ವಿಷಯ, ವರ್ಷ, ಯಾವುದು ಶಾಶ್ವತವಾಗಿ ಉಳಿಯಬೇಕು, ಯಾವುದನ್ನು ಇಷ್ಟು ವರ್ಷದ ಮೇಲೆ ನಾಶಪಡಿಸಬಹುದು ಎಂಬ ವರ್ಗೀಕರಣ. ಕಂಪ್ಯೂಟರಿನಲ್ಲೂ ಅದನ್ನೇ ಪಾಲಿಸಬಹುದು: ವರ್ಷಕ್ಕೊಂದು ಫೋಲ್ಡರು, ಒಳಗೆ ಹೋಬಳಿ, ಅದರೊಳಗೆ ಗ್ರಾಮ, ಫೈಲಿನ ಹೆಸರಲ್ಲಿ ದಿನಾಂಕ ಮತ್ತು ವಿಷಯ. ಚಾರ್ಜ್ ಕೊಡುವ ದಿನ ಕೀಲಿಕೈ, ಸೀಲುಗಳ ಜೊತೆಗೆ ಒಂದು ಪುಟದ ಪಟ್ಟಿಯನ್ನೂ ಕೊಡಬೇಕು. ಯಾವ ಫೋಲ್ಡರಿನಲ್ಲಿ ಏನಿದೆ, ಬ್ಯಾಕಪ್ ಯಾವ ಡಿಸ್ಕಿನಲ್ಲಿದೆ, ಸಹಿಯಾದ ಪ್ರತಿ ಯಾವುದು, ಇಷ್ಟು ಅದರಲ್ಲಿದ್ದರೆ ಸಾಕು. ಆ ಪಟ್ಟಿ ಕೈಗೆ ಬಂದ ಮೇಲೆಯೇ ಹೊಸಬರು ಚಾರ್ಜಿಗೆ ಸಹಿ ಹಾಕಲಿ.