ನಾಯಿಯ ಅಡ್ಡಹೆಸರು

ನಮ್ಮ ಕಡೆ ಅಡ್ಡಹೆಸರು ಇಲ್ಲದ ಮನುಷ್ಯನನ್ನು ಯಾರೂ ಪೂರ್ತಿ ನಂಬುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನ ಗದ್ದಲದಲ್ಲಿ ನಿಂತು ‘ಬಸವರಾಜಾ’ ಎಂದು ಕೂಗಿದರೆ ಹತ್ತು ಮಂದಿ ಹೊರಳಿ ನೋಡುತ್ತಾರೆ. ಯಾವ ಬಸವರಾಜ? ಮೆಣಸಿನಕಾಯಿಯೋ, ಉಳ್ಳಾಗಡ್ಡಿಯೋ, ಬೆಲ್ಲದನೋ, ಜೀರಗಿಯೋ? ಕಿರಾಣಿ ಸಾಮಾನು ಮುಗಿಯಿತೆಂದರೆ ಊರುಗಳ ಸರದಿ: ಗದಗ, ಹಾನಗಲ್ಲ, ನರಗುಂದ, ಮುಧೋಳ. ಗದಗಿನಲ್ಲೇ ಇದ್ದವನಿಗೆ ‘ಗದಗ’ ಎಂದು ಯಾರೂ ಕರೆಯುವುದಿಲ್ಲ. ಊರು ಬಿಟ್ಟು ಹೊರಬಿದ್ದ ಮೇಲೇ ಊರು ಬೆನ್ನಿಗೆ ಹತ್ತುವುದು.

ಈ ಅಡ್ಡಹೆಸರಿನ ವ್ಯವಸ್ಥೆ ಜಾತಿನಾಯಿಗಳ ಲೋಕದಲ್ಲಿಯೂ ಚೆನ್ನಾಗಿ ಬೇರೂರಿದೆ ಎಂದು ನನಗೆ ಗೊತ್ತಾದದ್ದು ಕೇಶ್ವಾಪುರದ ಮಿತ್ರರೊಬ್ಬರಿಂದ. ಅವರ ಹೆಸರು ಬೇಡ. ಅಡ್ಡಹೆಸರು ಒಗ್ಗರಣೆಗೆ ಬೀಳುವ ಪದಾರ್ಥ ಎಂದರೆ ಸಾಕು. ಲೋಕಾಪುರದ ಕಡೆಯಿಂದ ತಂದ ಮುಧೋಳ ಹೆಣ್ಣುನಾಯಿ ಅವರ ಮನೆಯಲ್ಲಿ ಆರು ಮರಿ ಹಾಕಿತು. ಮರಿಗಳನ್ನು ನೋಂದಾಯಿಸಬೇಕು, ಅದಕ್ಕೆ ಮೊದಲು ತಮ್ಮದೇ ಕೆನಲ್ ಹೆಸರು ಮಾಡಿಕೊಳ್ಳಬೇಕು ಎಂದು ಅವರಿಗೆ ಹುಕಿ ಬಂತು. ಕೆನಲ್ ಹೆಸರು ಎಂದರೆ ಸಾಕಿದವನದಲ್ಲ, ಮರಿ ಹುಟ್ಟಿಸಿದ ಮನೆತನದ ಹೆಸರು. ಆ ಮನೆಯಲ್ಲಿ ಹುಟ್ಟಿದ ಪ್ರತಿ ಮರಿಯ ಹೆಸರಿನ ಮುಂದೆ ಅದು ಕೂತುಕೊಳ್ಳುತ್ತದೆ. ಮರಿಯನ್ನು ಬೆಳಗಾವಿಯವರು ಕೊಳ್ಳಲಿ, ಬೆಂಗಳೂರಿನವರು ಕೊಳ್ಳಲಿ, ತವರಿನ ಹೆಸರು ಅಳಿಸುವಂತಿಲ್ಲ. ಗಂಡನ ಮನೆಗೆ ಹೋದ ಹೆಣ್ಣುಮಕ್ಕಳಿಗೆ ಈ ಸವಲತ್ತು ನಾವು ಇನ್ನೂ ಸರಿಯಾಗಿ ಕೊಟ್ಟಿಲ್ಲ, ಇರಲಿ.

ಮಿತ್ರರು ಬರೆದಿಟ್ಟ ಪಟ್ಟಿ ನೋಡಿ ನಾನು ದಂಗಾದೆ. ರಾಯಲ್ ಏನೋ, ಗೋಲ್ಡನ್ ಏನೋ, ಕಿಂಗ್ಸ್ ಏನೋ. ಕೊನೆಗೊಂದು ಸ್ಕಾಟ್ಲೆಂಡಿನ ಕೋಟೆಯಂತೆ ಕೇಳುವ ಹೆಸರು. ಹುಬ್ಬಳ್ಳಿಯ ಧೂಳಿನಲ್ಲಿ ಹುಟ್ಟಿದ ಮರಿಗೆ ಇಷ್ಟು ಮಂಜು ಯಾಕೆ ಎಂದು ಕೇಳಿದೆ. ‘ಶೋದಾಗ ಮೈಕಿನ್ಯಾಗ ಕರೀತಾರ್ರೀ, ಹೆಸರಿಗೆ ಒಂದು ವಜನ ಬೇಕಲ್ಲ’ ಎಂದರು.

ವಜನವೇನೋ ಸರಿ. ಆದರೆ ನಾವು ನಕಲು ಮಾಡುವ ಆ ಪರದೇಶದ ವಜನ ಎಲ್ಲಿಂದ ಬಂದದ್ದು? 2018ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ಎಲ್ಲಕ್ಕಿಂತ ಶ್ರೇಷ್ಠ ಎನಿಸಿಕೊಂಡದ್ದು ಒಂದು ವಿಪೆಟ್, ನಮ್ಮ ಮುಧೋಳದ ಹಾಗೇ ಬಳುಕುವ ಸೊಂಟದ ಓಟದ ನಾಯಿ. ಕಾಗದದ ಮೇಲೆ ಅದು ‘ಕಲೂನಿ ಟಾರ್ಟನ್ ಟೀಸ್’, ಮನೆಯಲ್ಲಿ ಬರೇ ಟೀಸ್. ಕಲೂನಿ ಎಂಬುದು ಐರ್ಲೆಂಡಿನ ಸ್ಲೈಗೋ ಕೌಂಟಿಯ ಒಂದು ಹಳ್ಳಿಯ ಹೆಸರೂ ಹೌದು. ಅಂದರೆ ನಮ್ಮ ಕುಂದಗೋಳ, ಶಿಗ್ಗಾವಿ ಇದ್ದಂತೆ. ತಳಿಗಳ ಹೆಸರನ್ನೇ ನೋಡಿ: ರಾಟ್‌ವೈಲರ್ ಜರ್ಮನಿಯ ರಾಟ್‌ವೈಲ್ ಊರಿನದು, ನಮ್ಮಲ್ಲಿ ಧಾರವಾಡಕರ ಎಂದಂತೆ. ಡೋಬರ್‌ಮನ್ನಿಗೆ ಬಂದದ್ದು ಅಪೋಲ್ಡಾ ಪಟ್ಟಣದಲ್ಲಿ ಕರ ವಸೂಲಿ ಮಾಡುತ್ತಿದ್ದ ಕಾರ್ಲ್ ಫ್ರೀಡ್ರಿಕ್ ಲೂಯಿ ಡೋಬರ್‌ಮನ್ ಎಂಬಾತನ ಅಡ್ಡಹೆಸರು. ಅಪೋಲ್ಡಾದವರು ನಾಚದೆ ವಸೂಲಿಗಾರನ ಹೆಸರಿಟ್ಟರು. ನಾವು ಉಳ್ಳಾಗಡ್ಡಿಗೆ ನಾಚುತ್ತೇವೆ.

ಇದನ್ನೇ ಮಿತ್ರರಿಗೆ ಹೇಳಿದೆ: ನಿಮ್ಮ ಅಡ್ಡಹೆಸರನ್ನೇ ಕೆನಲ್ಲಿಗೆ ಇಡಿ. ಅವರು ಅರ್ಧ ಒಪ್ಪಿದ್ದರು. ಒಳಗಿಂದ ಮನೆಯವರ ದನಿ ಬಂತು: ‘ಮಗಳ ಮದುವಿ ಆಗೂತನಾ ನಾಯಿಗೆ ನಮ್ಮ ಅಡ್ಡಹೆಸರು ಬ್ಯಾಡ್ರಿ. ಬೀಗರು ಗೂಗಲ್‌ನ್ಯಾಗ ಹುಡುಕಿದ್ರ ಮೊದಲ ನಾಯಿ ಫೋಟೋ ಬರ್ತಾವ.’ ಈ ಮಾತಿಗೆ ಉತ್ತರವಿಲ್ಲ.

ಇನ್ನೊಂದು ತೊಡಕು ಉದ್ದದ್ದು. ಬ್ರಿಟನ್ನಿನ ಕೆನಲ್ ಕ್ಲಬ್ಬು ನಾಯಿಯ ಪೂರ್ತಿ ಹೆಸರಿಗೆ ಕೊಡುವುದು, ನಡುವಿನ ಖಾಲಿ ಜಾಗವೂ ಸೇರಿ, 24 ಇಂಗ್ಲಿಷ್ ಅಕ್ಷರ. ಅಮೆರಿಕದವರು 36 ದಾಟಿದರೆ ಹೆಚ್ಚಿನ ದುಡ್ಡು ಕೇಳುತ್ತಾರೆ. ಮೆಣಸಿನಕಾಯಿಯನ್ನು ಇಂಗ್ಲಿಷಿನಲ್ಲಿ ಪೂರ್ತಿ ಬರೆದರೆ ಹತ್ತು ಅಕ್ಷರ ದಾಟುತ್ತದೆ. ನಾಯಿಗೆ ಉಳಿಯುವುದು ಬಾಲದಷ್ಟು. ಊರಿನ ಹೆಸರಿಡೋಣವೆಂದರೆ 2014ರ ನವೆಂಬರ್ 1ರಂದು ‘ಹುಬ್ಳಿ’ ಹೋಗಿ ‘ಹುಬ್ಬಳ್ಳಿ’ಯಾದಾಗ ಇಂಗ್ಲಿಷಿನಲ್ಲಿ ಮೂರು ಅಕ್ಷರ ಜಾಸ್ತಿಯಾದವು. ಅಮೆರಿಕದ ಕ್ಲಬ್ಬಿನಲ್ಲಿ ಇನ್ನೊಂದು ಮಜಾ ಇದೆ: ಒಂದೇ ತಳಿಯ 37 ನಾಯಿಗಳಿಗೆ ಒಂದೇ ಹೆಸರು ಕೊಡಬಹುದು, ಹಿಂದೆ ರೋಮನ್ ಅಂಕಿ ಹಚ್ಚಿದರಾಯಿತು. ಫ್ರಾನ್ಸಿನಲ್ಲಿ ವರ್ಷಕ್ಕೊಂದು ಅಕ್ಷರ. 2024ರಲ್ಲಿ ಹುಟ್ಟಿದ ಜಾತಿನಾಯಿಗಳ ಹೆಸರು ವಿ ಅಕ್ಷರದಿಂದ, 2025ರವು ಮತ್ತೆ ಎ ಅಕ್ಷರದಿಂದ. ಅಶ್ವಿನಿಗೆ ಚು, ಚೆ, ಚೋ, ಲಾ ಎಂದು ಪಂಚಾಂಗ ತೆರೆಯುವ ನಮಗೆ ಇದರಲ್ಲಿ ಸೋಜಿಗವೇನಿಲ್ಲ.

ಸೋಜಿಗ ಇರುವುದು ಮುಧೋಳ ನಾಯಿಯ ಪಾಡಿನಲ್ಲಿ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕೊಟ್ಟರು, ಆಗಲೇ ಈ ನಾಯಿಗೆ ಊರಿನ ಹೆಸರು ಗಟ್ಟಿಯಾಯಿತು ಎಂದು ಆ ಸೀಮೆಯವರು ಹೇಳುತ್ತಾರೆ. ಇದಕ್ಕೂ ಅಡ್ಡಹೆಸರು ಹತ್ತಿದ್ದು ಊರು ಬಿಟ್ಟ ಮೇಲೆಯೇ ಅನ್ನಿ. 2005ರಲ್ಲಿ ಅಂಚೆ ಇಲಾಖೆ ದೇಸಿ ನಾಯಿಗಳ ಚೀಟಿ ತಂದಾಗ ಇದಕ್ಕೆ ಮುಧೋಳ ಹೌಂಡ್ ಎಂದೇ ಅಚ್ಚು ಹಾಕಿತು. 2016ರಲ್ಲಿ ಮರಿಗಳು ಮೀರತ್ತಿನ ಸೈನ್ಯದ ಕೇಂದ್ರಕ್ಕೆ ತರಬೇತಿಗೆ ಹೋದದ್ದೂ ಅದೇ ಹೆಸರಿನಲ್ಲಿ. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರ ನಡೆಸುತ್ತದೆ. ಇಷ್ಟೆಲ್ಲ ಆದರೂ ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾದ ದಫ್ತರಿನಲ್ಲಿ ಇದು ಕ್ಯಾರವಾನ್ ಹೌಂಡ್. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿಗೆ ಹೋದರೆ ಮತ್ತೆ ಮುಧೋಳ ಹೌಂಡ್. ಅದೇ ನಾಯಿ, ಅದೇ ಉದ್ದ ಮೂತಿ, ಅದೇ ಒಣಕಲು ಕಾಲು. ಯಾವ ಕೌಂಟರಿನ ಮುಂದೆ ನಿಂತಿದೆ ಎಂಬುದರ ಮೇಲೆ ಕುಲ ಬದಲಾಗುತ್ತದೆ. ನನ್ನ ಮಟ್ಟಿಗೆ ಇದು ಮುಧೋಳದ್ದೇ. ರಾಮದುರ್ಗ ದಾಟಿ ಲೋಕಾಪುರದ ಕಡೆ ಹೊರಳಿದರೆ ಹೊಲದ ಬದುವಿನಲ್ಲಿ ಓಡುವ ನಾಯಿಗೆ ಕ್ಯಾರವಾನ್ ಎಂದು ಕೂಗಿ ನೋಡಿ, ನಾಯಿಯಿರಲಿ, ಕುರಿಯೂ ತಲೆ ಎತ್ತುವುದಿಲ್ಲ.

ನಾಯಿಯ ಹೆಸರನ್ನು ದಫ್ತರಿಗೆ ಏರಿಸುವುದು ಇಂಗ್ಲಿಷರು ಕಲಿಸಿದ ಚಟ ಎಂದುಕೊಂಡವರು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಕಲ್ಲನ್ನು ನೋಡಬೇಕು. ಸುಮಾರು ಕ್ರಿ.ಶ. 950ರದು. ತಕ್ಕೋಲದ ಕಾಳಗದಲ್ಲಿ ಶೌರ್ಯ ತೋರಿಸಿದ ಮಣಲೆರನಿಗೆ ಗಂಗರ ಬೂತುಗ ಬೇಕಾದ್ದು ಬೇಡು ಎಂದ. ಅವನು ಬೇಡಿದ್ದು ದೊರೆಯ ನಾಯಿಯನ್ನು, ಹೆಸರು ಕಾಳಿ. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡರೆ ಆ ನಾಯಿಯ ಪಾಪ ಪೂಜಾರಿಗೆ ಎಂದೂ ಕೆತ್ತಿಸಿದರು. ನೋಂದಣಿಯ ಜೊತೆಗೆ ಇಂಥ ಷರತ್ತು ಹಾಕಿದ ಕ್ಲಬ್ಬು ಇನ್ನೊಂದು ಇರಲಿಕ್ಕಿಲ್ಲ. ಹೆಸರು ಮಾತ್ರ ಎರಡೇ ಅಕ್ಷರ, ಮುಂದೊಂದು ಹಿಂದೊಂದು ಏನೂ ಇಲ್ಲ.

ಕಥೆ ಕೇಳಿ ಮಿತ್ರರಿಗೆ ಹುರುಪು ಬಂತು. ಕಪ್ಪು ಹೆಣ್ಣುಮರಿಗೆ ಕಾಳಿ ಎಂದೇ ಇಡುತ್ತೇನೆ ಎಂದರು. ಎಂಬತ್ತು ದಾಟಿದ ಅವರ ತಾಯಿ ಜಪಮಾಲೆ ಕೆಳಗಿಟ್ಟು, ‘ಹಂಗಾರ ಅಮಾಸಿ ದಿನ ಅದರ ಮುಂದ ಕಾಯಿ ಒಡ್ಯೂದು ಯಾರು, ನೀನೋ ನಾನೋ?’ ಎಂದು ಕೇಳಿದರು. ಕಾಳಿ ಅಲ್ಲಿಗೇ ನಿಂತಳು.

ಕೊನೆಗೆ ಅರ್ಜಿಯಲ್ಲಿ ಮೊದಲ ಆಯ್ಕೆಯಾಗಿ ಹೋದದ್ದು ಉಣಕಲ್. ಕೆರೆಯ ಹೆಸರು, ಇಂಗ್ಲಿಷಿನಲ್ಲಿ ಐದೇ ಅಕ್ಷರ, ಬೀಗರಿಗೂ ತಕರಾರಿಲ್ಲ. ಎರಡನೆಯದು ನೃಪತುಂಗ, ಹುಬ್ಬಳ್ಳಿಯದೇ ಬೆಟ್ಟ. ಮೂರನೆಯ ಜಾಗದಲ್ಲಿ ಸ್ಕಾಟ್ಲೆಂಡಿನ ಕೋಟೆ ಹಾಗೇ ಉಳಿದಿದೆ. ‘ಇರ್ಲಿ ಬಿಡ್ರಿ, ಮೊದಲಿನೆರಡು ಯಾರರೆ ಹೊಡಕೊಂಡಿದ್ರ?’ ಎನ್ನುತ್ತಾರೆ.

ಉತ್ತರ ಇನ್ನೂ ಬಂದಿಲ್ಲ. ಮನೆಯಲ್ಲಿ ಮಾತ್ರ ತಾಯಿಯವರು ಆರೂ ಮರಿಗಳಿಗೆ ಒಂದೇ ಹೆಸರಿಟ್ಟು ಕೆಲಸ ಮುಗಿಸಿದ್ದಾರೆ. ‘ತಮ್ಮಾ, ಬಾ ಇಲ್ಲೆ’ ಎಂದರೆ ಆರೂ ಓಡಿಬರುತ್ತವೆ, ಅವುಗಳಲ್ಲಿ ನಾಲ್ಕು ಹೆಣ್ಣು. ಅಮೆರಿಕದ ಕ್ಲಬ್ಬಿನ ಲೆಕ್ಕ ಹಿಡಿದರೆ ಇನ್ನೂ 31 ತಮ್ಮಂದಿರಿಗೆ ಜಾಗವಿದೆ.