ಸುತ್ತು ಹಾಕಿದ ಚುಕ್ಕಿ

ಭದ್ರಾವತಿಯ ಭಾನುವಾರದ ಟೂರ್ನಿಯೊಂದರಲ್ಲಿ ಮೊನ್ನೆ ಚೆಂಡು ನೆಟ್ಟಗೆ ಬಂದು ಬ್ಯಾಟ್ಸ್‌ಮನ್ನನ ಪ್ಯಾಡಿಗೆ ಬಡಿಯಿತು. ಫೀಲ್ಡಿಗಿದ್ದವರೆಲ್ಲ ಗಂಟಲು ಹರಿಯುವಂತೆ ಕೂಗಿದರು. ಅಂಪೈರು ಕೈಕಟ್ಟಿ ನಿಂತವರು ಅಲುಗಲಿಲ್ಲ. ನನ್ನ ಪಕ್ಕ ಮೊಬೈಲಿನಲ್ಲಿ ಸ್ಕೋರ್ ಹಾಕುತ್ತಿದ್ದ ಹುಡುಗ ಸೊನ್ನೆ ಒತ್ತಿ ಸುಮ್ಮನಾದ. ‘ಅಷ್ಟೇನಾ?’ ಅಂದೆ. ‘ರನ್ ಬಂದಿಲ್ವಲ್ಲ ಅಂಕಲ್’ ಅಂದ.

ಹುಡುಗನನ್ನು ಬಿಡಿ, ಪೆನ್ಸಿಲ್ ಹಿಡಿದ ದೊಡ್ಡವರೇನು ಕಡಿಮೆ? ನನ್ನ ಸ್ಕೋರ್‌ಬುಕ್ಕಿನಲ್ಲಿ ರನ್ ಬಾರದ ಚೆಂಡಿಗೆ ಹಾಕುವ ಚುಕ್ಕಿಗಳೆಲ್ಲ ಒಂದೇ ಅಲ್ಲ. ಬ್ಯಾಟ್ಸ್‌ಮನ್ ಬೇಕೆಂದೇ ಬಿಟ್ಟ ಚೆಂಡಿಗೆ ಬೋಳು ಚುಕ್ಕಿ. ಬ್ಯಾಟಿನ ಅಂಚು ಸವರಿಕೊಂಡೇ ಹೋಯಿತೇನೋ ಎನ್ನುವಂತೆ ಕೀಪರ್ ಕೈಸೇರಿದ್ದಕ್ಕೆ ಬಾಲವಿರುವ ಚುಕ್ಕಿ. ಕ್ಯಾಚ್ ಕೈಚೆಲ್ಲಿದರೆ ಅಡಿಗೆರೆ, ಚೆಲ್ಲಿದ ಪುಣ್ಯಾತ್ಮನ ಮೊದಲಕ್ಷರ ಅಂಚಿನಲ್ಲಿ. ಕೂಗಿಯೂ ದಕ್ಕದ ಎಲ್‌ಬಿಡಬ್ಲ್ಯುಗೆ ಚುಕ್ಕಿಯ ಸುತ್ತ ಒಂದು ಸುತ್ತು. ಇಷ್ಟೆಲ್ಲ ಬರೆಯಲು ಬೌಲರ್ ರನ್‌ಅಪ್‌ಗೆ ನಡೆದು ಹೋಗುವಷ್ಟು ಹೊತ್ತು ಧಾರಾಳವಾಯಿತು. ಸ್ಪಿನ್ನರ್ ಬಂದರೆ ಮಾತ್ರ ಸ್ವಲ್ಪ ಒದ್ದಾಟ.

ಶಿವಮೊಗ್ಗದ ನನ್ನ ಸಹ-ಸ್ಕೋರರ್‌ಗಳಿಗೆ ಬೇರೊಂದು ಚಟ. ಮೇಡನ್ ಓವರ್ ಮುಗಿದದ್ದೇ ತಡ, ಆರು ಚುಕ್ಕಿಗಳನ್ನೂ ಗೆರೆ ಎಳೆದು ಕೂಡಿಸಿ ‘ಎಂ’ ಅಕ್ಷರ ಮಾಡಿಬಿಡುತ್ತಾರೆ. ಹಬ್ಬದ ಬೆಳಗ್ಗೆ ರಂಗೋಲಿ ಬಿಡಿಸಿದ ಸಂಭ್ರಮ ಅವರಿಗೆ. ಆದರೆ ಆ ಗೆರೆಯ ಅಡಿಯಲ್ಲಿ ಬಾಲ ಯಾವುದು, ಸುತ್ತು ಯಾವುದು? ಬೌಲರ್ ಆರು ಸಲ ಸೋಲಿಸಿದ ಓವರೂ, ಬ್ಯಾಟ್ಸ್‌ಮನ್ ಆರು ಸಲ ಕಣ್ಣು ಮುಚ್ಚಿ ತಡೆದ ಓವರೂ ಒಂದೇ ಎಂ. ಹೇಳಿದರೆ, ‘ಪುಸ್ತಕ ಚೊಕ್ಕಟವಾಗಿರಬೇಕು ಸಾರ್, ನಿಮ್ಮದು ಇರುವೆ ಸಾಲು’ ಅನ್ನುತ್ತಾರೆ. ಚೊಕ್ಕಟವಂತೆ! ಚೊಕ್ಕಟ ಬೇಕಾದವರು ಹಾಳೆಯನ್ನು ಖಾಲಿ ಬಿಡಲಿ.

ನನ್ನ ಹಟಕ್ಕೆ ಆಧಾರ 1973-74ರ ರಣಜಿ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ; ಆ ಹೆಸರಿನ ಮೊದಲ ಸೀಸನ್ನಿನಲ್ಲೇ ಕಪ್ಪು. 1958-59ರಿಂದ ಸತತ 15 ವರ್ಷ ಬೊಂಬಾಯಿಯವರು ಬೇರೆಯವರಿಗೆ ಮುಟ್ಟಲೂ ಬಿಡದ ಕಪ್ಪು ಅದು. ಬೊಂಬಾಯಿ ಎದುರಿನ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಪ್ರಸನ್ನ ನಮ್ಮ ನಾಯಕರು. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಒಟ್ಟು 385. ಬೊಂಬಾಯಿ 307ಕ್ಕೆ ನಿಂತಿತು. ಮೊದಲ ಇನಿಂಗ್ಸಿನ 78 ರನ್ ಮುನ್ನಡೆಯೇ ಸಾಕಾಯಿತು.

ಆದರೆ ಹಳಬರು ಇಂದಿಗೂ ಮೆಲುಕು ಹಾಕುವುದು ವಿಶ್ವನಾಥ್ ಎದುರಿಸಿದ ಮೊದಲ ಚೆಂಡನ್ನು. ಅಬ್ದುಲ್ ಇಸ್ಮಾಯಿಲ್ ಹಾಕಿದ್ದು, ಪ್ಯಾಡಿಗೆ ಬಿತ್ತು, ಬೊಂಬಾಯಿಯವರು ಕೂಗಿದರು, ಅಂಪೈರು ಒಪ್ಪಲಿಲ್ಲ. ಬೆರಳೆದ್ದಿದ್ದರೆ 162ರ ಜಾಗದಲ್ಲಿ ಸೊನ್ನೆ. ಇಡೀ ಸೀಸನ್ ತಿರುಗಿದ ಆ ಚೆಂಡು ಚೊಕ್ಕಟದವರ ಪುಸ್ತಕದಲ್ಲಿ ಒಂದು ಬೋಳು ಚುಕ್ಕಿ! ಬೊಂಬಾಯಿಯ ವಾಡೇಕರ್ ಕಥೆಯೂ ಅಷ್ಟೇ. ಓಡುವಾಗ ಕಾಲು ಜಾರಿ ರನ್‌ಔಟ್ ಆದರು. ಸ್ಕೋರ್‌ಬುಕ್ಕಿನಲ್ಲಿ ‘ರನ್‌ಔಟ್’ ಇದೆ, ಜಾರಿದ್ದಿಲ್ಲ. ಗಾವಸ್ಕರರ ಹೆಸರಿನ ಮುಂದೆ ಬೌಲ್ಡ್ ಪ್ರಸನ್ನ. ಚೆಂಡು ಹೇಗೆ ತೂಗಿ ಇಳಿಯಿತೆಂದು ಕೇಳಿದರೆ ಪುಸ್ತಕ ಬಾಯಿ ಬಿಡುವುದಿಲ್ಲ. ಜೈಪುರದ ಫೈನಲ್ಲಿನ ಲೆಕ್ಕ ಮಾತ್ರ ಸಲೀಸು: ಕರ್ನಾಟಕ 276 ಮತ್ತು 208, ರಾಜಸ್ಥಾನ 176 ಮತ್ತು 123, ಗೆಲುವು 185 ರನ್ನಿನಿಂದ. ಬಹುಶಃ ಅದಕ್ಕೇ ಆ ಪಂದ್ಯವನ್ನು ಯಾರೂ ಅಷ್ಟಾಗಿ ಆಡಿಕೊಳ್ಳುವುದಿಲ್ಲ.

ಇದನ್ನೆಲ್ಲ ಮೊನ್ನೆಯ ಆ ಪಂದ್ಯದ ನಡುವೆಯೇ, ಕಾರ್ಖಾನೆಯಿಂದ ನಿವೃತ್ತರಾದ ಭದ್ರಾವತಿಯ ಸ್ಕೋರರ್ ಒಬ್ಬರ ಮುಂದೆ ಹೇಳಿದೆ. ವಿಶ್ವನಾಥರ ಆಟ ಬಲಿತದ್ದು ಬೆಂಗಳೂರಿನಲ್ಲಾದರೂ ಈ ಹಿರಿಯರಿಗೆ ಅವರು ‘ನಮ್ಮೂರ ಹುಡುಗ’ನೇ. ‘ಸುತ್ತು ಹಾಕ್ಕೊಳ್ಳಿ, ಬೇಡ ಅನ್ನಲ್ಲ. ವಿಶಿಯ ಸ್ಕ್ವೇರ್ ಕಟ್ಟಿಗೆ ಗುರುತು ಏನು?’ ಅಂದರು. ನಾಲ್ಕರ ಪಕ್ಕ ಅಡ್ಡಗೆರೆ ಅಂದೆ. ‘ಲೇಟ್ ಕಟ್ಟಿಗೆ?’ ಅದಕ್ಕೂ ಅಡ್ಡಗೆರೆ, ಸ್ವಲ್ಪ ಕೆಳಗೆ ಅಂದೆ. ಅವರು ನನ್ನ ಪೆನ್ಸಿಲ್ ಕಸಿದುಕೊಂಡು ಮಣಿಕಟ್ಟು ತಿರುಗಿಸಿ ತೋರಿಸತೊಡಗಿದರು. ಅಷ್ಟರಲ್ಲಿ ಎರಡು ಓವರ್ ಮುಗಿದಿದ್ದವು. ಬರೆದುಕೊಳ್ಳಲು ಮೊಬೈಲಿನ ಹುಡುಗನನ್ನೇ ಕೇಳಬೇಕಾಯಿತು.