ಕ್ಷೇಮವೆಂಬ ಒಂದು ಮಾತು

ಯುದ್ಧದ ಚರಿತ್ರೆ ಬರೆಯುವವರು ಸೇನಾನಿಗಳ ಆಜ್ಞೆಗಳನ್ನೂ ಸರಕಾರಗಳ ಒಪ್ಪಂದಗಳನ್ನೂ ಓದುತ್ತಾರೆ. ಆದರೆ ದಂಡಿಗೆ ಹೋದ ಗಂಡನೂ ಮನೆಯಲ್ಲುಳಿದ ಹೆಂಡತಿಯೂ ಬರೆದುಕೊಂಡ ಕಾಗದಗಳಿಗೂ ಒಂದು ಭಾಷೆಯುಂಟು. ಅದಕ್ಕೆ ತನ್ನದೇ ಆದ ವ್ಯಾಕರಣವೂ ಉಂಟು. ಜತ್ತ ಸೀಮೆಯ ಕನ್ನಡ ಮನೆಗಳಲ್ಲಿ ಬೆಳೆದ ನಮಗೆ ಆ ವ್ಯಾಕರಣ ಶಾಲೆಯಲ್ಲಿ ದೊರೆತುದಲ್ಲ. ಅಕ್ಷರ ಬಲ್ಲ ಮಕ್ಕಳೆಂಬ ಕಾರಣಕ್ಕೆ ಓಣಿಯವರ ಕಾಗದಗಳನ್ನು ಓದಿ ಹೇಳುವ, ಬರೆದುಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು.

1971ರ ಡಿಸೆಂಬರಿನಲ್ಲಿ ನಮ್ಮ ಓಣಿಯ ಕೆಲವರು ಗಂಡುಮಕ್ಕಳು ಪಲ್ಟನ್ನಿನಲ್ಲಿದ್ದರು. ಅವರೆಲ್ಲಿದ್ದಾರೆಂಬುದು ಯಾರಿಗೂ ತಿಳಿಯದು. ವಿಳಾಸದಲ್ಲಿ ಊರಿನ ಹೆಸರಿಗೆ ಬದಲು 56 ಎ.ಪಿ.ಒ. ಅಥವಾ 99 ಎ.ಪಿ.ಒ. ಎಂದು ಮಾತ್ರ ಇರುತ್ತಿತ್ತು. ಗಂಡನ ಹೆಸರು ಹೇಳದ ಕಾಲ ಅದು. ಲಕೋಟೆಯ ಮೇಲೆ ಹೆಸರು ಬರೆಯಬೇಕಾದಾಗ ಹೆಂಗಸರು ಹಳೆಯ ಕಾಗದವನ್ನು ಮುಂದಿಟ್ಟು, "ಇದರಾಗ ಇದ್ದಂಗ ಬರಿಯಪಾ" ಎನ್ನುವರು. ಆದರೆ ಗಂಡನ ಸೈನ್ಯದ ನಂಬರನ್ನು ಮಾತ್ರ ಒಂದಂಕಿ ತಪ್ಪದೆ ಬಾಯಿಪಾಠ ಒಪ್ಪಿಸುವರು. ಹೆಸರು ನಾಲಿಗೆಗೆ ನಿಷಿದ್ಧವಾಗಿದ್ದಲ್ಲಿ ನಂಬರೇ ಹೆಸರಾಗಿತ್ತು.

ಕಾಗದದ ಆರಂಭ ನಿಶ್ಚಿತವಾದುದು: "ನಾವು ಈ ದಿನದವರೆಗೆ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು." ಆಮೇಲೆ ಎಮ್ಮೆ, ಮಳೆ, ಬಿಳಿಜೋಳ, ಮುದುಕರ ಕೆಮ್ಮು. ಪ್ರೀತಿಯೆಂಬ ಶಬ್ದ ಎಲ್ಲಿಯೂ ಇಲ್ಲ. ಒಮ್ಮೆ ನೆರೆಮನೆಯ ತಾಯಿಯೊಬ್ಬರು, "ರಾಶಿಗೆ ಬರ್ತೀರೇನು ಅಂತ ಬರಿ" ಎಂದರು. ನಾವು ಬರೆಯುವಷ್ಟರಲ್ಲಿ ತುಸು ಹೊತ್ತು ಸುಮ್ಮನಿದ್ದು, "ಬ್ಯಾಡ, ಅದನ್ನ ಹೊಡದ ಹಾಕು. ರಾಶಿಗೆ ಮಂದಿ ಸಾಕಷ್ಟು ಅದಾರ ಅಂತ ಬರಿ" ಎಂದರು. ಇಡೀ ಕಾಗದದ ಅರ್ಥ ಆ ಅಳಿಸಿದ ಸಾಲಿನಲ್ಲಿತ್ತೆಂದು ನಮಗೆ ತಿಳಿಯಲು ಮುಂದೆ ಬಹಳ ವರ್ಷ ಬೇಕಾದವು.

ಅತ್ತ ಕಡೆಯ ಕಾಗದಗಳಲ್ಲಿಯೂ ಯುದ್ಧವಿರುತ್ತಿರಲಿಲ್ಲ. ಚಳಿ ಬಹಳ, ಕಂಬಳಿ ಕೊಟ್ಟಿದ್ದಾರೆ, ಊಟ ಚೆನ್ನಾಗಿದೆ—ಇಷ್ಟೇ. ಓದತೊಡಗುವ ಮೊದಲೇ ಹೆಂಗಸರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ತಾರೀಖು ಯಾವುದೈತಿ?" ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯಾಗಿ, 17ಕ್ಕೆ ಪಶ್ಚಿಮದಲ್ಲಿಯೂ ಕದನ ನಿಂತಿತೆಂದು ರೇಡಿಯೋ ಸಾರಿದ ಮೇಲೂ ಯಾವ ಮನೆಯಲ್ಲಿಯೂ ಸಿಹಿ ಮಾಡಲಿಲ್ಲ. ಆ ದಿನಗಳಲ್ಲಿ ಬಂದ ಕಾಗದಗಳೆಲ್ಲ ಅದಕ್ಕೂ ಮೊದಲೇ ಬರೆದವು. 17ರ ಈಚೆಗಿನ ತಾರೀಖಿನ ಕಾಗದ ಬಂದ ಮನೆಯಲ್ಲಿ ಮಾತ್ರ ಅಂದು ಹೋಳಿಗೆಯಾಯಿತು. ಕ್ಷೇಮವೆಂಬ ಮಾತಿಗೆ ತಾರೀಖೇ ಸಾಕ್ಷಿ.

ಮುಂದೆ ಪುಸ್ತಕಗಳನ್ನು ಓದುವಾಗ, ಇದು ನಮ್ಮ ಓಣಿಯೊಂದರ ರೀತಿಯಲ್ಲವೆಂದು ಕಂಡುಕೊಂಡೆವು. ಒಂದನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯವು ಸಿಪಾಯಿಗಳಿಗೆ ಅಚ್ಚುಹಾಕಿದ ಕಾರ್ಡನ್ನು ಕೊಡುತ್ತಿತ್ತು. "ನಾನು ಕ್ಷೇಮ", "ಆಸ್ಪತ್ರೆಯಲ್ಲಿದ್ದೇನೆ" ಎಂಬಂಥ ಸಾಲುಗಳಲ್ಲಿ ಬೇಡವಾದುದನ್ನು ಹೊಡೆದುಹಾಕಿ, ತಾರೀಖು ಮತ್ತು ರುಜು ಹಾಕಬೇಕು. ಬೇರೊಂದು ಮಾತು ಸೇರಿಸಿದರೆ ಕಾರ್ಡನ್ನು ನಾಶಪಡಿಸಲಾಗುವುದೆಂದು ಅದರ ಮೇಲೆಯೇ ಮುದ್ರಿಸಿತ್ತು. ಅಲ್ಲಿಯೂ ಹೇಳಬೇಕಾದುದು ಹೊಡೆದ ಸಾಲುಗಳ ನಡುವೆ ಉಳಿಯಿತು.

1914ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಸೈನಿಕರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿಳಿದರು. ಅವರ ಕಾಗದಗಳನ್ನು ಓದಿ ಪರೀಕ್ಷಿಸಲು ಸರಕಾರವು ಅಧಿಕಾರಿಗಳನ್ನು ನೇಮಿಸಿತು. ಸೈನಿಕರಲ್ಲಿ ಬಹುಮಂದಿ ಅಕ್ಷರ ಬಾರದವರು. ಅವರ ಮಾತನ್ನು ಜೊತೆಯವರು ಬರೆಯುವರು, ಊರಿನಲ್ಲಿ ಹೆಂಡತಿಗೆ ಮತ್ತೊಬ್ಬರು ಓದಿ ಹೇಳುವರು. ಹೀಗೆ ಗಂಡಹೆಂಡಿರ ನಡುವಿನ ಒಂದು ಮಾತು ಮೂರು ಪರರ ಕಣ್ಣುಗಳನ್ನು ದಾಟಿ ಹೋಗಬೇಕಾಗಿತ್ತು. ಪರೀಕ್ಷೆಯ ಸುದ್ದಿ ತಿಳಿದ ಮೇಲೆ ಸೈನಿಕರು ಒಗಟುಗಳಲ್ಲಿ ಬರೆಯತೊಡಗಿದರು: ಕರಿಮೆಣಸೆಂದರೆ ಭಾರತದ ಸಿಪಾಯಿಗಳು, ಕೆಂಪು ಮೆಣಸೆಂದರೆ ಗೋರರು. ಕರಿಮೆಣಸು ತೀರುತ್ತ ಬಂತೆಂದು ಬರೆದರೆ ಮನೆಯವರಿಗೆ ಅರ್ಥವಾಗುತ್ತಿತ್ತು. ವಿಚಿತ್ರವೆಂದರೆ ಅಧಿಕಾರಿಗಳು ಆಯ್ದು ಇಂಗ್ಲಿಷಿಗೆ ತಿರುಗಿಸಿ ವರದಿಗಳಿಗೆ ಸೇರಿಸಿದ ಭಾಗಗಳೇ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಆ ಮಾತುಗಳನ್ನು ನಾವು ಇಂದು ಓದುವುದು ಹೆಚ್ಚಾಗಿ ಪಹರೆಯವರ ಭಾಷೆಯಲ್ಲಿ.

ಗಡಿನಾಡಿನ ನಮಗೆ ಈ ಸಂಗತಿ ಹೆಚ್ಚು ತಟ್ಟುತ್ತದೆ. ನಮ್ಮ ಓಣಿಯ ಮಾತು ಕನ್ನಡ, ಶಾಲೆ ಮರಾಠಿ, ಪಲ್ಟನ್ನಿನ ವ್ಯವಹಾರ ಹಿಂದಿ. ಆದ್ದರಿಂದ ಎಷ್ಟೋ ಕಾಗದಗಳು "ಸಾಷ್ಟಾಂಗ ನಮಸ್ಕಾರ ವಿನಂತಿ ವಿಶೇಷ" ಎಂದು ಮರಾಠಿಯಲ್ಲಿಯೇ ಆರಂಭವಾಗುತ್ತಿದ್ದವು. ನಾವು ಅವನ್ನು ಕಣ್ಣಿನಲ್ಲಿ ಮರಾಠಿಯಾಗಿ ಓದಿ, ಬಾಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆವು. ಮರಾಠಿ ನಮಗೆ ಪರಕೀಯವಲ್ಲ. ಅನ್ನ ಕೊಟ್ಟ ಭಾಷೆ, ನೆರೆಯವರ ಭಾಷೆ. ಆದರೂ ಎಂದಾದರೊಮ್ಮೆ ಗಂಡನು ತನ್ನ ಕೈಯಿಂದಲೇ, ಕಾಗುಣಿತ ತಪ್ಪಿದ ಕನ್ನಡದಲ್ಲಿ, "ಅರಾಮ ಅದೀನಿ" ಎಂದು ಒಂದು ಸಾಲು ಬರೆದರೆ, ಕೇಳುವವರ ಮುಖವೇ ಬೇರೆಯಾಗುತ್ತಿತ್ತು. ಅದನ್ನು ನಾವು ಬದಲಿಸಿ ಹೇಳಬೇಕಾಗಿರಲಿಲ್ಲ. ಅವರ ದನಿ ನಡುವೆ ಯಾರೂ ಇಲ್ಲದೆ ಮನೆಯೊಳಗೆ ಬಂದಂತಾಗುತ್ತಿತ್ತು.

ಈಗ ಗಡಿಯ ಠಾಣೆಯಿಂದಲೂ ಅನೇಕ ಕಡೆ ದೂರವಾಣಿಯಲ್ಲಿ ಮುಖ ನೋಡಿ ಮಾತನಾಡಬಹುದು. ಎದೆ ನಡುಗಿಸುತ್ತಿದ್ದ ತಂತಿಯೂ 2013ರಲ್ಲಿ ನಿಂತುಹೋಯಿತು. ಇದು ಸಂತೋಷದ ಸಂಗತಿಯೇ. ಆ ಕಾಯುವ ದಿನಗಳು ಮರಳಿ ಬರಲೆಂದು ಯಾರೂ ಬಯಸಲಾರರು. ಆದರೆ ನಮ್ಮ ಮನೆಗಳ ಟ್ರಂಕುಗಳಲ್ಲಿ, ಜಂತಿಯ ಸಂದಿನಲ್ಲಿ ಆ ಕಾಗದಗಳಿನ್ನೂ ಇವೆ. ಅವುಗಳಲ್ಲಿರುವ ಅಕ್ಷರವನ್ನು ಓದಬಲ್ಲವರು ಮಾತ್ರ ಮನೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ಕನ್ನಡ ಮಾತನಾಡಿ, ಕನ್ನಡ ಓದಲಾರದ ಮೊಮ್ಮಕ್ಕಳ ಕೈಗೆ ಅವು ಹೋದರೆ ರದ್ದಿಯ ತಕ್ಕಡಿಗೆ ಬೀಳುವುದು ದೂರವಿಲ್ಲ.

ಆದುದರಿಂದ ಓದುಗ ಬಾಂಧವರಲ್ಲಿ ನಮ್ಮದೊಂದು ಬಿನ್ನಹ. ಬರೆಸಿದ ತಾಯಂದಿರು ಇನ್ನೂ ಇರುವಾಗಲೇ, ಅವರು ಒಪ್ಪಿದರೆ, ಆ ಕಾಗದಗಳನ್ನು ಅವರ ಮುಂದೆ ಒಮ್ಮೆ ಓದಿರಿ. ಯಾರು ಬರೆದುದು, ಯಾರ ಕೈಯಕ್ಷರ, ಆಗ ಹೊಲದಲ್ಲಿ ಏನಿತ್ತು ಎಂಬುದನ್ನು ಕೇಳಿ, ಬೇರೊಂದು ಹಾಳೆಯಲ್ಲಿ ಬರೆದಿಡಿರಿ. ಹೊಡೆದುಹಾಕಿದ ಸಾಲುಗಳಿದ್ದರೆ ಅವನ್ನೂ ಕೇಳಿರಿ. ಹೇಳುವುದೂ ಬಿಡುವುದೂ ಅವರಿಗೆ ಸೇರಿದ್ದು.